ಲಗ್ನಪತ್ರಿಕೆಯ ಹಿಂಬದಿ

ಧಾರೂರಿನ ಜಾತ್ರೆಗೆ ಹೊರಟ ಮುತ್ಯಾನ ಚೀಲದಲ್ಲಿ ಬೈಬಲ್ ಮೂರು, ಕನ್ನಡಕ ಎರಡು, ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿಯ ಪೆನ್ಸಿಲ್ ಒಂದು. ಜೊತೆಗೆ ಯಾರದೋ ಲಗ್ನಪತ್ರಿಕೆ. ಆ ಲಗ್ನ ಆಗಿ ವರ್ಷಗಳೇ ಉರುಳಿ, ಮದುಮಕ್ಕಳ ಮಗ ಈಗ ಸಾಲಿಗೆ ಹೋಗುತ್ತಾನೆ. ಪತ್ರಿಕೆಗೆ ಮಾತ್ರ ಇನ್ನೂ ಬಿಡುಗಡೆಯಾಗಿಲ್ಲ. ಅದರ ಹಿಂಬದಿ ಖಾಲಿ ಇದ್ದದ್ದೇ ತಪ್ಪಾಯಿತು.

ಜಾತ್ರೆ ಎಂದರೆ ತೇರೇ ಇರಬೇಕೆಂದಿಲ್ಲ. ವಿಕಾರಾಬಾದಿನಿಂದ ತಾಂಡೂರಿಗೆ ಹೋಗುವ ದಾರಿಯ ಧಾರೂರಿನಲ್ಲಿ ನವೆಂಬರಿಗೆ ನೆರೆಯುವುದು ಮೆಥಡಿಸ್ಟ್ ಕ್ರೈಸ್ತರ ಜಾತ್ರೆ. ತೆಲಂಗಾಣದವರಷ್ಟೇ ಅಲ್ಲ, ಬೀದರ ಕಡೆಯವರು, ಮಹಾರಾಷ್ಟ್ರದವರು ಗಂಟುಮೂಟೆ ಕಟ್ಟಿಕೊಂಡು ಬರುತ್ತಾರೆ. ಮೈಕಿನಿಂದ ಬರುವ ಪ್ರಸಂಗ ಹೆಚ್ಚಾಗಿ ತೆಲುಗು. ಮುತ್ಯಾನ ತೊಂದರೆ ಶುರುವಾಗುವುದು ಅಲ್ಲಿಂದಲೇ.

ಅವರು ಹುಟ್ಟಿದ್ದು ಜಹೀರಾಬಾದ್ ಸೀಮೆಯಲ್ಲಿ, ಲೆಕ್ಕ ಬರೆದು ಹೊಟ್ಟೆ ಹೊರೆದದ್ದು ತಾಂಡೂರಿನ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ. ಜಹೀರಾಬಾದ್, ನಾರಾಯಣಖೇಡ ಆಗ ಬೀದರ ಜಿಲ್ಲೆಯ ತಾಲ್ಲೂಕುಗಳು. ತಾಂಡೂರು ಗುಲಬರ್ಗಾ ಜಿಲ್ಲೆಯದು. 1956ರ ನವೆಂಬರ್ 1ರಂದು ಮೂರೂ ಆಂಧ್ರಪ್ರದೇಶಕ್ಕೆ ಸೇರಿದವು. ಊರಿನ ಹೆಸರಿನ ಹಲಗೆಯ ಅಕ್ಷರ ಬದಲಾಯಿತು, ಸಾಲಿಯ ಪುಸ್ತಕ ಬದಲಾಯಿತು. ಮನೆಯ ಬೈಬಲ್ ಕನ್ನಡದಲ್ಲೇ ಉಳಿಯಿತು.

ಪ್ರಸಂಗ ಮಾಡುವ ಪಾಸ್ಟರು "ನಿರ್ಗಮಕಾಂಡಮು, ಮೂಡೋ ಅಧ್ಯಾಯಮು" ಎನ್ನುತ್ತಾರೆ. ಸುತ್ತ ಸಾವಿರಾರು ತೆಳುಹಾಳೆಗಳ ಸರಸರ ಸದ್ದು. ಮುತ್ಯಾನ ಕನ್ನಡ ಬೈಬಲಿನಲ್ಲಿ ಆ ಹೆಸರಿನ ಕಾಂಡವೇ ಇಲ್ಲ, ಅಲ್ಲಿರುವುದು ವಿಮೋಚನಕಾಂಡ. ತೆಲುಗಿನ ಲೇವೀಯಕಾಂಡ ಇಲ್ಲಿ ಯಾಜಕಕಾಂಡ. ದಿನವೃತ್ತಾಂತ ಇಲ್ಲಿ ಪೂರ್ವಕಾಲವೃತ್ತಾಂತ. 'ಸಾಮೆತಲು' ಎಂದಾಗ ಮನೆಯ ಹಿರಿಯಳು ಆಯಿ, ಪಾಸ್ಟರು ಸಾಮೆ ಅಕ್ಕಿಯ ವಿಷಯಕ್ಕೆ ಬಂದರೆಂದು ಕಿವಿ ನೆಟ್ಟಗೆ ಮಾಡಿಕೊಂಡಿದ್ದಳಂತೆ. ಜಹೀರಾಬಾದ್ ಸಿರಿಧಾನ್ಯದ ಸೀಮೆ, ಅವಳ ತಪ್ಪೇನೂ ಇಲ್ಲ. ತೆಲುಗಿನಲ್ಲಿ ಸಾಮೆತ ಎಂದರೆ ಗಾದೆ. ಕನ್ನಡ ಬೈಬಲಿನಲ್ಲಿ ಅದು ಜ್ಞಾನೋಕ್ತಿಗಳು.

ಎಲ್ಲಕ್ಕಿಂತ ಸತಾಯಿಸಿದ್ದು ಸಂಖ್ಯಾಕಾಂಡ. ಹೆಸರು ಕೇಳಿ ಲೆಕ್ಕದ ಮನುಷ್ಯ ಮುತ್ಯಾ ಹಿಗ್ಗಿದರು, ಹುಡುಕಿದರೆ ಸಿಕ್ಕಿದ್ದು ಅರಣ್ಯಕಾಂಡ. ಮುದ್ರಣದವರು ಕೈತಪ್ಪಿ ರಾಮಾಯಣದ ಹಾಳೆ ಹೊಲಿದರೇನೋ ಎಂಬ ಗುಮಾನಿ ಬಹಳ ದಿನ ಇತ್ತು. ಸಂಗತಿ ಬೇರೆ. ಇಸ್ರಾಯೇಲ್ಯರ ಜನಗಣತಿ ಆ ಪುಸ್ತಕದಲ್ಲಿರುವುದರಿಂದ ಗ್ರೀಕರು ಅದನ್ನು 'ಎಣಿಕೆಗಳು' ಎಂದು ಕರೆದರು. ತೆಲುಗು ಆ ಜಾಡು ಹಿಡಿದಿದೆ. ಹೀಬ್ರೂವಿನಲ್ಲಿ ಅದರ ಹೆಸರು 'ಬೆಮಿದ್ಬಾರ್', ಅಂದರೆ ಅರಣ್ಯದಲ್ಲಿ. ಕನ್ನಡ ಈ ಜಾಡು ಹಿಡಿದಿದೆ. ಚೀಲದ ಮೂರನೆಯ ಬೈಬಲ್ ಉರ್ದುವಿನದು, ಅದರಲ್ಲಿ ನೇರವಾಗಿ 'ಗಿಂತಿ'. ಬಳ್ಳಾರಿಯಲ್ಲಿ ಕನ್ನಡ ಬೈಬಲಿಗೆ ಕೂತ ಜಾನ್ ಹ್ಯಾಂಡ್ಸ್, ವಿಶಾಖಪಟ್ಟಣದಲ್ಲಿ ತೆಲುಗಿಗೆ ಕೂತ ಕ್ರಾನ್ ಮತ್ತು ದೆಗ್ರಾಂಜ್ ಎಲ್ಲರೂ ಒಂದೇ ಲಂಡನ್ ಮಿಷನರಿ ಸೊಸೈಟಿಯವರು. ಎರಡು ಊರಿನ ನಡುವೆ ನಾಲ್ಕು ಕಾಗದ ಓಡಾಡಿದ್ದರೆ ಮುತ್ಯಾನ ಲಗ್ನಪತ್ರಿಕೆ ಹಸನಾಗಿ ಉಳಿಯುತ್ತಿತ್ತು.

ಈಗ ಅದರ ಹಿಂಬದಿಯಲ್ಲಿ ಮೂರು ಗೆರೆ ಎಳೆದು ತೆಲುಗು, ಕನ್ನಡ, ಉರ್ದು ಹೆಸರುಗಳನ್ನು ಎದುರುಬದುರು ಬರೆದಿದೆ. ಕಾರ್ಖಾನೆಯ ರೋಕಡಿ ಪುಸ್ತಕದ ರೀತಿಯೇ. ಅರವತ್ತಾರು ಪುಸ್ತಕ ಬರೆದು ಮುಗಿಸಿ ಅಡಿಯಲ್ಲಿ 'ತಾಳೆ ನೋಡಿದೆ' ಎಂದು ಸಹಿ ಕೂಡ ಹಾಕಿದ್ದಾರೆ.

ಲೋಕದಲ್ಲಿ ಇದಕ್ಕಿಂತ ದೊಡ್ಡ ತಾಳೆಪಟ್ಟಿಗಳಿವೆ. ಅಲೆಕ್ಸಾಂಡರ್ ಕ್ರೂಡನ್ ಎಂಬವನು ಇಂಗ್ಲಿಷ್ ಬೈಬಲಿನ ಪದಗಳು ಎಲ್ಲೆಲ್ಲಿ ಬರುತ್ತವೆಂದು ಒಬ್ಬನೇ ಕೂತು ಪಟ್ಟಿ ಮಾಡಿ 1737ರಲ್ಲಿ ಅಚ್ಚು ಹಾಕಿಸಿದ. ಕರಡು ತಿದ್ದುವುದು ಅವನ ಕಸುಬು. ಆ ಚಟ ಎಷ್ಟು ಹತ್ತಿತೆಂದರೆ ಕೈಯಲ್ಲಿ ಸ್ಪಂಜು ಹಿಡಿದು ಲಂಡನ್ನಿನ ಗೋಡೆಬರಹ ಒರೆಸುತ್ತ ತಿರುಗಿದ. 1890ರಲ್ಲಿ ಅಮೆರಿಕದ ಜೇಮ್ಸ್ ಸ್ಟ್ರಾಂಗ್ ಇನ್ನೂ ಮುಂದೆ ಹೋಗಿ ಮೂಲದ ಹೀಬ್ರೂ, ಗ್ರೀಕ್ ಪದಗಳಿಗೆಲ್ಲ ಒಂದೊಂದು ನಂಬರು ಕೊಟ್ಟ. ಹೀಬ್ರೂವಿನದೇ 8,674. ಸ್ಟ್ರಾಂಗ್ ಮೆಥಡಿಸ್ಟ್ ಎಂದು ತಿಳಿದಾಗ ಮುತ್ಯಾ ನಮ್ಮವ ಎಂದು ಮೀಸೆ ತಿರುವಿದರು.

ಮೊಮ್ಮಗಳು ಹೈದರಾಬಾದಿನಲ್ಲಿ ಓದುವವಳು. ಮುತ್ಯಾನ ಚೀಲದ ಭಾರ ನೋಡಿ ಮೊಬೈಲು ಮುಂದೆ ಹಿಡಿದಳು.

"ಮುತ್ಯಾ, ಎಲ್ಲಾ ಇದರಾಗೇ ಅದ. ಬರೇ ಟೈಪ್ ಮಾಡಿದ್ರ ಸಾಕು."

"ಹಾಂಗಾದ್ರ ಕುರಿ ಅಂತ ಹೊಡಿ ನೋಡಮು."

ಹೊಡೆದಳು. ಪರದೆ ಮೇಲಕ್ಕೆ ಸರಿಯುತ್ತಲೇ ಹೋಯಿತು, ಮುಗಿಯಲೊಲ್ಲದು. ಮುತ್ಯಾ ಎರಡನೆಯ ಕನ್ನಡಕ ಏರಿಸಿ ಒಂದೊಂದೇ ವಚನ ನೋಡಿದರು. ಒಂದರಲ್ಲಿ ಕುರಿ ಇದೆ. ಮುಂದಿನದರಲ್ಲಿ ಇಲ್ಲ, ಯಾರನ್ನೋ 'ಕುರಿತು' ಏನೋ ಇದೆ. ಅದರ ಮುಂದಿನದೂ 'ಕುರಿತು'. ಅಕ್ಷರ ಮಾತ್ರ ನೋಡಿ ಹುಡುಕುವ ಯಂತ್ರಕ್ಕೆ ಹಟ್ಟಿಯ ಕುರಿಗೂ ವ್ಯಾಕರಣದ ಕುರಿತಿಗೂ ಭೇದವಿಲ್ಲ.

"ಇಷ್ಟು ಕುರಿ ಕಾಯಾಕ ದಾವೀದಗೂ ಆಗ್ತಿರಲಿಲ್ಲವಾ," ಎಂದರು ಮುತ್ಯಾ.

ಆದರೆ ಮೊಬೈಲಿಗೆ ಒಂದು ಮಾನ ಸಿಕ್ಕಿತು, ಅದನ್ನೂ ಹೇಳಬೇಕು. ಇಪ್ಪತ್ತಮೂರನೆಯ ಕೀರ್ತನೆಯಲ್ಲಿ ಕನ್ನಡ ಬೈಬಲ್ 'ಕುರುಬ' ಎನ್ನುತ್ತದೆ, ತೆಲುಗಿನದು 'ಕಾಪರಿ'. ಯಾವುದು ಖರೆ ಎಂದು ಮುತ್ಯಾಗೂ ನಾರಾಯಣಖೇಡದ ಬೀಗರಿಗೂ ಹಳೆಯ ವಾದ. ಮೊಮ್ಮಗಳು ಆ ಪದವನ್ನು ಒತ್ತಿದಳು. ಸ್ಟ್ರಾಂಗನ ನಂಬರು ಬಂತು, 7462. ಮೇಯಿಸು, ಕಾಯು ಎಂಬ ಹೀಬ್ರೂ ಕ್ರಿಯಾಪದ ಅದು. ಮೇಯಿಸುವವನಾದರೆ ಕುರುಬ, ಕಾಯುವವನಾದರೆ ಕಾಪರಿ. ವಾದ ಸರಿಸಮ ಆಯಿತು. ಮುತ್ಯಾಗೆ ಅದೇ ಬೇಸರ. ಗೆಲ್ಲುವುದು ಬೇಡ, ವಾದ ಮುಂದುವರಿಯಲಿ ಎಂಬ ಆಸೆ ಅವರಿಗಿತ್ತು.

ಕೊನೆಯ ದಿನ ಮೈಕಿನಲ್ಲಿ "ಸಂಖ್ಯಾಕಾಂಡಮು" ಎಂದದ್ದೇ ತಡ, ಮುತ್ಯಾ ಲಗ್ನಪತ್ರಿಕೆ ತೆಗೆದು ಕ್ಷಣದಲ್ಲಿ ಅರಣ್ಯಕಾಂಡ ಮುಟ್ಟಿದರು. ಪಕ್ಕದ ಚಾಪೆಯ ಹಿರಿಯರೊಬ್ಬರು ಅದನ್ನೇ ನೋಡುತ್ತಿದ್ದರು. ಅವರ ಮಡಿಲಲ್ಲಿದ್ದದ್ದು ಮರಾಠಿ ಬೈಬಲ್.

"ನಮ್ದರಾಗ ಇದಕ್ಕ ಗಣನಾ ಅಂತಾರ್ರಿ. ಮರಾಠಿ ಕಾಲಂ ಹಾಕಿಲ್ಲೇನ್ರಿ ಕಾಕಾ?"

ಲೆಕ್ಕದ ಮನುಷ್ಯನಿಗೆ ಕಾಲಂ ಬಿಟ್ಟುಹೋಗಿದೆ ಎಂದರೆ ತಡೆದುಕೊಳ್ಳಲಾದೀತೇ? ಅಂಚಿನಲ್ಲಿ ಒಂದು ಬೆರಳಿನಷ್ಟು ಜಾಗವಿತ್ತು. ನೀಲಿ ತುದಿಯಿಂದ ನಾಲ್ಕನೆಯ ಗೆರೆ ಎಳೆದು, ಆ ಹಿರಿಯರು ಹೇಳಿದಂತೆ ಒಂದೊಂದೇ ಹೆಸರು ಬರೆಯುತ್ತ ಇಬ್ಬರೂ ಕೀರ್ತನೆಗಳವರೆಗೆ ಬಂದರು. ತಲೆ ಎತ್ತಿದಾಗ ಪ್ರಸಂಗ ಮುಗಿದು ಕಾಣಿಕೆಯ ಚೀಲ ಎದುರಿಗೆ ಬಂದು ನಿಂತಿತ್ತು.