ಹಪ್ಪಳಕ್ಕೊಬ್ಬ ಎಂಬಿಎ

ಮುಂಬೈನ ಮಾಟುಂಗಾದ ಒಂದು ಉಡುಪಿ ಹೋಟೆಲು. ಗಲ್ಲಾದಲ್ಲಿ ಮಾವ. ಎದುರು ಊಟದೆಲೆಯ ಮುಂದೆ, ಹಪ್ಪಳ ಮುರಿಯುತ್ತ, ಎಂಬಿಎ ಮುಗಿಸಿದ ಅಳಿಯ.

"ಮಾವ, ಈ ಲಿಜ್ಜತ್ ಹಪ್ಪಳದ ಮಾಲೀಕ ಯಾರು?"

"ಲಟ್ಟಿಸುವ ಹೆಂಗಸರೇ ಮಾರಾಯ. 1959ರಲ್ಲಿ ಗಿರ್‌ಗಾಂವ್‌ನ ತಾರಸಿಯ ಮೇಲೆ ಏಳು ಮಂದಿ 80 ರೂಪಾಯಿ ಸಾಲ ತಂದು ಶುರುಮಾಡಿದ್ದು."

"ಅದು ಕತೆ. ನಿಜವಾದ ಮಾಲೀಕ?"

"ಈಗ 40 ಸಾವಿರಕ್ಕೂ ಹೆಚ್ಚು."

"ಅಯ್ಯೋ! ಅಷ್ಟು ಜನ ಮೀಟಿಂಗಿಗೆ ಕೂತರೆ?"

"ಕೂರಲು ಪುರುಸೊತ್ತೆಲ್ಲಿ? ಬೆಳಿಗ್ಗೆ ಕಲಸಿದ ಹಿಟ್ಟು ಮನೆಗೆ ಒಯ್ಯುತ್ತಾರೆ, ಒಣಗಿದ ಹಪ್ಪಳ ತಂದು ತೂಗಿಸಿ ಕೂಲಿ ಎಣಿಸಿಕೊಳ್ಳುತ್ತಾರೆ. ಲಾಭವೂ ಹಂಚಿಕೆ, ನಷ್ಟವೂ ಹಂಚಿಕೆ."

"ಮಷೀನು ಹಾಕಿದರೆ ಹತ್ತು ಜನ ಸಾಕು, ಮಾವ!"

"ಉಳಿದವರು?"

"ಅವರಿಗೆ ಸಿಎಸ್‌ಆರ್ ದುಡ್ಡಿನಲ್ಲಿ ಮಹಿಳಾ ಸಬಲೀಕರಣ ಶಿಬಿರ."

"ಅಲ್ಲಿ ಏನು ಕಲಿಸ್ತೀಯ?"

"ಹಪ್ಪಳ ಲಟ್ಟಿಸುವುದು."

(ಇಂಥ ಬುದ್ಧಿಗೆ ಲಕ್ಷಗಟ್ಟಲೆ ಫೀಸು ಕಟ್ಟಿದ್ದು ಮಾವನೇ.)

"ಹೋಗಲಿ, ದೊಡ್ಡ ಕಂಪನಿಯಿಂದ ದಾನವನ್ನಾದರೂ ಕೊಡಿಸಲೇ?"

"ದಾನ ಮುಟ್ಟುವುದಿಲ್ಲ ಎಂಬುದು ಅವರ ನಿಯಮ. ನೀನು ಹಪ್ಪಳದ ಬಿಲ್ಲು ಕೊಡು, ಸಾಕು."

ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅಳಿಯನಿಗೆ ಇನ್ನೂ ಕೆಲಸ ಸಿಕ್ಕಿಲ್ಲ.