ದಾಂಪತ್ಯ ದೃಢೀಕರಣ ಮೀಮಾಂಸೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಅನುಲಕ್ಷಿಸಿ

1. ಅಧ್ಯಯನದ ವ್ಯಾಪ್ತಿ ಮತ್ತು ಮಿತಿ

ಜಾಗತೀಕರಣೋತ್ತರ ಸಂದರ್ಭದಲ್ಲಿ ವೈವಾಹಿಕ ಸಂಕಥನದ ಸೀಮೋಲ್ಲಂಘನಾತ್ಮಕ ಆಯಾಮಗಳನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿರುತ್ತದೆ. ಬಿಡಿಸಿ ಹೇಳುವುದಾದರೆ, ಹೊರದೇಶದಲ್ಲಿ ನೆಲೆಸಿದ ಹೊನ್ನಾಳಿ ಹುಡುಗ ಜಗಳೂರಿನ ಹುಡುಗಿಯನ್ನು ಮದುವೆಯಾಗಿ ಕರೆದೊಯ್ಯಲು ಪಡುವ ಪಾಡು. ಅಡಿಕೆಯ ಚನ್ನಗಿರಿ, ತುಂಗಭದ್ರೆಯ ದಂಡೆಯ ಹೊನ್ನಾಳಿ, ಅದರಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿ, ಮಳೆಗೆ ಕಾಯುವ ಜಗಳೂರು ಇಲ್ಲಿನ 'ಕ್ಷೇತ್ರ'. ಹರಿಹರವನ್ನೇಕೆ ಕೈಬಿಡಲಾಯಿತು ಎಂದು ಕೇಳುವ ಪರೀಕ್ಷಕರಿಗೆ ಉತ್ತರ: ಮಾರ್ಗದರ್ಶಕರು ಹಾಗೆ ಹೇಳಿದರು.

2. ಪಾರಿಭಾಷಿಕ ವಿವೇಚನೆ

ವಿದೇಶಿ ಸಂಗಾತಿ: ಜಗಳೂರಿನಲ್ಲಿ ಹುಟ್ಟಿ, ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಓದಿ, ಗಂಡನ ಊರಿಗೂ ಎರಡು ಸಲ ಹೋಗಿ ಬಂದ ಹೆಣ್ಣುಮಗಳು. ಪ್ರಾಯೋಜಕ: ಸದರಿಯವಳ ಗಂಡ.

3. ದಾಂಪತ್ಯ ಸಾಕ್ಷ್ಯಗಳ ಪಂಚವಿಧ ವರ್ಗೀಕರಣ

(ಅ) ಪೂರ್ವರಾಗಾತ್ಮಕ ಸಾಕ್ಷ್ಯ. ಮೊದಲು ಎಲ್ಲಿ ಭೇಟಿಯಾದಿರಿ, ಸಂಬಂಧ ಹೇಗೆ ಬೆಳೆಯಿತು ಎಂದು ಕೆನಡಾದ ಅರ್ಜಿ ಕೇಳುತ್ತದೆ. ನಮ್ಮ ಕ್ಷೇತ್ರದಲ್ಲಿ ಸಂಬಂಧ ಬೆಳೆಯುವುದು ಬೀಗರ ನಡುವೆ. ಹುಡುಗ ಹುಡುಗಿಗೆ 'ಏನಾದ್ರೂ ಮಾತಾಡೋದಿದ್ರೆ ಮಾತಾಡ್ಕಳ್ರಪ್ಪ' ಎಂದು ಮಹಡಿ ತೋರಿಸಿ, ಹಿಂದೆಯೇ ತಂಗಿಯನ್ನೂ ಕಳಿಸಲಾಗುತ್ತದೆ. ಈ ದಾಖಲಾತ್ಮಕ ಶೂನ್ಯವನ್ನು ತುಂಬಲು ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೂ ಸೂಳೆಕೆರೆ ಏರಿಯ ಮೇಲೂ ಫೋಟೊ ಶೂಟ್ ನಡೆಸುವ ಪರಿಪಾಠ ಉಂಟು. ಅಲ್ಲಿ ಪ್ರೇಮ ಕ್ಯಾಮೆರಾದವನ ಸೂಚನೆಯಂತೆ ಅಂಕುರಿಸುತ್ತದೆ.

(ಆ) ಸಾಮೂಹಿಕ ಸಾಕ್ಷ್ಯ. ಎರಡೂ ಊರಿನವರು ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡು, ಮುಯ್ಯಿ ಬರೆಸಿ, ಸಾರಿಗೆ ಉಪ್ಪು ಸಾಲದೆಂದು ಆಡಿಕೊಂಡು ಹೋಗಿರುತ್ತಾರೆ. ಮುಯ್ಯಿ ಪುಸ್ತಕದಷ್ಟು ಖಚಿತ ದಾಖಲೆ ಭೂಮಿಯ ಮೇಲಿಲ್ಲ. ಅದನ್ನು ಲಗತ್ತಿಸಲು ಯಾವ ಅರ್ಜಿಯಲ್ಲೂ ಅಂಕಣವಿಲ್ಲ.

(ಇ) ಸಹವಾಸಾತ್ಮಕ ಸಾಕ್ಷ್ಯ. ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ಮಕ್ಕಳಿದ್ದರೆ ಜನನ ಪತ್ರ: ಅಮೆರಿಕದ ಐ-130 ಅರ್ಜಿ ಬಯಸುವ ಪುರಾವೆಗಳಿವು. ವೀಸಾ ಸಿಗದೆ ಹೆಂಡತಿ ಅಲ್ಲಿನ ಗಂಡನ ಮನೆಯ ಹೊಸ್ತಿಲು ದಾಟುವಂತಿಲ್ಲ. ಆ ಮನೆಯಲ್ಲಿ ಒಟ್ಟಿಗೆ ಬಾಳಿದ ಕಾಗದ ತೋರಿಸಿದರೆ ವೀಸಾಕ್ಕೆ ಬಲ.

ಉಳಿದೆರಡು ವಿಧಗಳನ್ನು ಬರೆಯುವ ಹುಮ್ಮಸ್ಸು ಇಲ್ಲಿಗೆ ಮುಗಿಯಿತು.

4. ತಾಳಿ ಮತ್ತು ಐ-864: ತೌಲನಿಕ ಅಧ್ಯಯನ

ತಾಳಿಯ ಗಂಟು ವಿಚ್ಛೇದನದಿಂದ ಬಿಚ್ಚುತ್ತದೆ. ಅಮೆರಿಕದ ಐ-864 ಬಿಚ್ಚುವುದಿಲ್ಲ. ತನ್ನ ಆದಾಯ ಬಡತನದ ಮಟ್ಟದ ಶೇ. 125ರಷ್ಟಾದರೂ ಇದೆ, ಹೆಂಡತಿಯನ್ನು ಸಾಕುತ್ತೇನೆ ಎಂದು ಗಂಡ ಬರೆದುಕೊಡುವ ಮುಚ್ಚಳಿಕೆ ಅದು. ಅವಳು ಪೌರಳಾಗುವ, ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಸೇರುವ, ದೇಶ ಬಿಡುವ ಅಥವಾ ಇಬ್ಬರಲ್ಲೊಬ್ಬರು ಸಾಯುವವರೆಗೆ ಊರ್ಜಿತ. ಇಷ್ಟಾಗಿಯೂ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಕೈಗೆ ಬರುವ ಗ್ರೀನ್ ಕಾರ್ಡಿನ ಆಯಸ್ಸು ಎರಡೇ ವರ್ಷ. ಅದು ಮುಗಿಯುವ ಮುಂಚಿನ 90 ದಿನಗಳೊಳಗೆ ಐ-751 ತುಂಬಿ, ನಾವಿನ್ನೂ ಗಂಡಹೆಂಡಿರೇ ಎಂದು ಮತ್ತೆ ಸಾಬೀತು ಮಾಡಬೇಕು.

ಬ್ರಿಟನ್ನಿನದು ನೇರ ಮಾತು. ಸಂಗಾತಿಯನ್ನು ಕರೆಸಿಕೊಳ್ಳಲು 18,600 ಪೌಂಡ್ ಇದ್ದ ಕನಿಷ್ಠ ವಾರ್ಷಿಕ ಆದಾಯದ ಮಿತಿಯನ್ನು 2024ರ ಏಪ್ರಿಲ್ 11ರಿಂದ 29,000ಕ್ಕೆ ಏರಿಸಿತು. ಅಲ್ಲಿ ಕಾಯಂ ನೆಲೆಸಿ, ಅವರ ಮುದುಕರ ಹಾಸಿಗೆ ಬದಲಿಸಿ, ಹೊಲಸು ಬಳಿದು ಬದುಕುವ ನ್ಯಾಮತಿ ಹುಡುಗನ ಕೈಗೆ ಅಷ್ಟು ಸಂಬಳ ಬರುವುದಿಲ್ಲ. ನಿಮ್ಮ ಅಪ್ಪನನ್ನು ಎತ್ತಿ ಕೂರಿಸಲು ಅವನು ಬೇಕು, ಅವನ ಹೆಂಡತಿ ಬೇಡ! ಇದಕ್ಕೆ ಯಾವ ಸೈದ್ಧಾಂತಿಕ ಚೌಕಟ್ಟು ಹಾಕಲಿ? ನಾಚಿಕೆಯಾಗಬೇಕು.

5. ಸ್ವದೇಶಿ ಅಧ್ಯಾಯ

ಪ್ರಬಂಧಕಾರನು ಉದ್ವೇಗಕ್ಕೊಳಗಾದುದನ್ನು ಪರೀಕ್ಷಕರು ಮನ್ನಿಸತಕ್ಕದ್ದು. ನಾವೂ ಕಡಿಮೆಯವರಲ್ಲ. ಚನ್ನಗಿರಿಗೆ ಪರದೇಶದ ಸೊಸೆ ಬಂದರೆ, ಮದುವೆ ನೋಂದಣಿಯಾಗಿ ಎರಡು ವರ್ಷ ಸತತ ಬಾಳಿದ ಮೇಲೆಯೇ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ. ಪಾಕಿಸ್ತಾನ ಅಥವಾ ಬಾಂಗ್ಲಾದೇಶದವಳಾದರೆ ಅದೂ ಇಲ್ಲ. ಕಾರ್ಡ್ ಬಂದರೂ ಮತವಿಲ್ಲ. ಗಂಡನ ತೋಟದ ಅಡಿಕೆ ಸುಲಿದು, ಬೇಯಿಸಿ, ಹರವಿ ಕೈ ಕಪ್ಪಾದರೂ ತನ್ನ ಹೆಸರಿನಲ್ಲಿ ಒಂದು ಗುಂಟೆ ಕೃಷಿಭೂಮಿ ಕೊಳ್ಳುವಂತಿಲ್ಲ. ಪೌರತ್ವಕ್ಕೆ ಏಳು ವರ್ಷದ ವಾಸ ಬೇಕು. ಆದರೆ 2016ರ ಯೋಜನೆಯಂತೆ 18 ತಿಂಗಳಲ್ಲಿ 10 ಕೋಟಿ ರೂಪಾಯಿ ಹೂಡಿ 20 ಜನರಿಗೆ ಕೆಲಸ ಕೊಡುವ ವಿದೇಶಿಗೆ 10 ವರ್ಷದ ಕಾಯಂ ವಾಸದ ಸ್ಥಾನಮಾನ, ಹೆಂಡತಿ ಮಕ್ಕಳಿಗೂ ಸೇರಿಸಿ. ಎಲ್ಲ ದೇಶವೂ ದುಡ್ಡನ್ನು ಥಟ್ಟನೆ ನಂಬುತ್ತದೆ. ಮದುವೆಯನ್ನು ನಂಬಲು ವರ್ಷಗಳು ಬೇಕು.

6. ಫಲಿತಗಳು ಮತ್ತು ಶಿಫಾರಸು

ಸುಳ್ಳು ಮದುವೆಗಳಿವೆ, ಒಪ್ಪೋಣ. ಮೋಸ ಹೋದವರಲ್ಲಿ ನಮ್ಮ ಹೆಣ್ಣುಮಕ್ಕಳೇ ಇದ್ದಾರೆ. ತನಿಖೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಇಲ್ಲಿ ಸೀಮಂತವಾಗುತ್ತದೆ, ಮಗು ಹುಟ್ಟುತ್ತದೆ, ತೊಟ್ಟಿಲಿಗೆ ಹಾಕುವಾಗ ಅಪ್ಪ ವಿಡಿಯೊ ಕಾಲಿನಲ್ಲಿರುತ್ತಾನೆ. 'ಯಾವಾಗ ಹೋಗ್ತೀಯಮ್ಮ?' ಎಂದು ಸಂತೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಆಮೇಲೆ ಕೇಳುವುದನ್ನೂ ಬಿಟ್ಟು ಬೇರೇನೋ ಗುಸುಗುಸು ಮಾಡುತ್ತಾರೆ. ಹಾಗಾಗಿ ಶಿಫಾರಸು ಒಂದೇ: ಮೊದಲು ಒಟ್ಟಿಗೆ ಬಾಳಲು ಬಿಡಿ, ಆಮೇಲೆ ಒಟ್ಟಿಗೆ ಬಾಳಿದ ಸಾಕ್ಷಿ ಕೇಳಿ.