ಗಾಳಿ ಅಳಿಯಾಕ ಬಂದವ್ರು

(ಕಟಕೋಳ ಕಡೆ ಒಂದು ಸಾಲಿ. ಬೆಂಗಳೂರಿನ ಸಲಹೆಗಾರರ ಕೈಯಾಗ ಮೀಟರು, ಮುಖಕ್ಕ ಮಾಸ್ಕು.)

ಸಲಹೆಗಾರ: ಹೊರಗೆ ಕಾರ್ಬನ್ ಡೈಆಕ್ಸೈಡ್ 420 ಪಿಪಿಎಂ, ಒಳಗೆ 1,900! ಸಾವಿರ ದಾಟಿದರೆ ಉಸಿರುಗಟ್ಟಿದ ಕೋಣೆ ಅಂತ ಲೆಕ್ಕ. ಮಕ್ಕಳು ತೂಕಡಿಸ್ತಾರೆ.

ಹೆಡ್‌ಮಾಸ್ತರ: ಪಾಪ, ಗಣಿತ ಮಾಸ್ತರ್‌ನ ಸುಮ್‌ಸುಮ್ಮನ ಬೈದ್ನೆಲ್ರಿ!

ಸಲಹೆಗಾರ: ಕಿಟಕಿ ಯಾಕೆ ಮುಚ್ಚಿದ್ದೀರಿ?

ಹೆಡ್‌ಮಾಸ್ತರ: ಧೂಳ ಹೊಕ್ಕು ನಿಮ್ಮ ಮಷಿನ್ ಕೆಡಬಾರದಂತ ಮ್ಯಾಲಿಂದ ಫೋನ್ ಬಂದಿತ್ರಿ.

ಅಡಿಗಿ ಅಕ್ಕ: ಸಾಹೇಬ್ರ, ಬಿಸಿಯೂಟದ ಕ್ವಾಣ್ಯಾಗಿನ ಹೊಗಿನೂ ಅಳೀರಿ.

ಸಲಹೆಗಾರ: ಅದು ನಮ್ಮ ಒಪ್ಪಂದದಲ್ಲಿಲ್ಲಮ್ಮ. ತರಗತಿ ಕೋಣೆ ಮಾತ್ರ.

ಎಸ್‌ಡಿಎಂಸಿ ಅಧ್ಯಕ್ಷ: ಪರಿಹಾರ ಏನ್ರೀ?

ಸಲಹೆಗಾರ: 40 ಪುಟದ ವರದಿ ಕೊಡ್ತೇವೆ: ಕಿಟಕಿ ತೆಗೆಯಿರಿ.

ಅಧ್ಯಕ್ಷ: ಎರಡರ ಚಿಲಕ ಮುರದಾವ್ರಿ. ರಿಪೇರಿ ರೊಕ್ಕ?

ಹೆಡ್‌ಮಾಸ್ತರ: ಅದು ಇವರ ಬಿಲ್ಲಿಗೆ ಹೋತ್ರಿ.